ಮನೆಯಲ್ಲಿ ಮಲಗುವವರು ಎಷ್ಟು ಮಂದಿ?

ಪರದೇಶಕ್ಕೆ ಹೋಗಿ ಬಂದವರು ಮೊದಲು ಊರಿನ ಹೆಸರು ಹೇಳುತ್ತಾರೆ. ಆಮೇಲೆ ಅಲ್ಲಿಯ ಸೇತುವೆ, ಚರ್ಚು, ಹಿಮ. ನಾನು ಊರಿನ ಹೆಸರನ್ನೇ ಹೇಳುವುದಿಲ್ಲ. ಜರ್ಮನಿಯ ಒಂದು ಬಂದರಿನ ಊರು ಎಂದಿಟ್ಟುಕೊಳ್ಳಿ. ಅಲ್ಲಿ ಒಂದು ಮನೆಯ ಗುರುತನ್ನು ಬಲು ಚೆನ್ನಾಗಿ ಬರೆದು, ಅದರಿಂದ ಏನಾಯಿತೆಂದು ಕಣ್ಣಾರೆ ಕಂಡವಳು ನಾನು. ಮತ್ತೊಮ್ಮೆ ಬರೆಯುವ ಧೈರ್ಯವಿಲ್ಲ. ಆ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ.

ಹೋಗಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಹತ್ತು ವರ್ಷವಾಗುತ್ತ ಬಂತು. ಹೇಗಿತ್ತು ಎಂದು ಕೇಳಿದವರಿಗೆಲ್ಲ "ವೆರಿ ಕ್ಲೀನ್, ವೆರಿ ಕೋಲ್ಡ್" ಎಂದು ಹೇಳಿ ಜಾರಿಕೊಂಡಿದ್ದೇನೆ. ಅದು ಸುಳ್ಳಲ್ಲ, ಅಷ್ಟೇ.

ಹುಮನಾಬಾದ್

ಓದಿದ್ದು ನಿಜಾಮರ ಕಾಲದ ಹೈದರಾಬಾದಿನಲ್ಲಿ, ಒಂದು ಕಾನ್ವೆಂಟಿನಲ್ಲಿ. ಹುಮನಾಬಾದಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದೆ. ಇಂಗ್ಲಿಷ್ ಗೊತ್ತು, ಕನ್ನಡ ಮನೆಮಾತು, ಉರ್ದು ಬಾಲ್ಯದಿಂದ ಬಂದದ್ದು, ಮರಾಠಿ ಪಕ್ಕದ ಮನೆಯದು. ಈ ನಾಲ್ಕು ಭಾಷೆಗಳ ಕಾರಣಕ್ಕೇ ಪ್ರೊಫೆಸರ್ ಬೆಕರ್ ನನ್ನನ್ನು ಹುಡುಕಿಕೊಂಡು ಬಂದರು. ಎತ್ತರದ, ಬೋಳುತಲೆಯ, ಸಾದಾ ಮನುಷ್ಯ. ಒಂದು ಟ್ರಂಕಿನ ತುಂಬ ಖಾಲಿ ಫಾರ್ಮುಗಳನ್ನು ತಂದಿದ್ದರು.

ಅವರು ತಿಳಿಯಬೇಕೆಂದಿದ್ದ ವಿಷಯ ಇದು: ಹೊಟ್ಟೆಪಾಡಿಗೆ ಊರಿಗೆ ಬರುವ ಹೊಸ ಮಂದಿಯನ್ನು ಊರು ಹೇಗೆ ನಡೆಸಿಕೊಳ್ಳುತ್ತದೆ? ನೆಲೆ ಕೊಡುವವರು ಯಾರು, ನೀರು ಕೊಡುವವರು ಯಾರು, ಬೇಡವಾದಾಗ ಎಬ್ಬಿಸುವವರು ಯಾರು? ಅದನ್ನು ಹುಮನಾಬಾದ್ ಮತ್ತು ಬಸವಕಲ್ಯಾಣದಲ್ಲಿ ಕೇಳಿ, ಅವರ ಜರ್ಮನ್ ಊರಿನಲ್ಲೂ ಕೇಳಿ, ಪಕ್ಕಪಕ್ಕ ಇಟ್ಟು ನೋಡಬೇಕು. ಕಂಪ್ಯಾರಿಟಿವ್ ಮೆಥಡ್.

"ಆನೆಯನ್ನೂ ಆಡನ್ನೂ ಹೋಲಿಸಿದ ಹಾಗಾಗುವುದಿಲ್ಲವೇ?" ಎಂದು ಕೇಳಿದೆ.

"ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆಗುವುದಿಲ್ಲ," ಎಂದರು. ಪ್ರಶ್ನೆ ಒಂದೇ ಇರಬೇಕು, ಮಾತು ಒಂದೇ ಇರಬೇಕು, ಕೇಳುವ ಕ್ರಮ ಒಂದೇ ಇರಬೇಕು. ಒಂದು ಶಬ್ದ ಬದಲಾದರೂ ವ್ಯತ್ಯಾಸ ಊರಿನದೋ ಪ್ರಶ್ನೆಯದೋ ತಿಳಿಯುವುದಿಲ್ಲ. ನನಗೆ ಇದು ಬಹಳ ಹಿಡಿಸಿತು. ಸಿಸ್ಟರುಗಳ ಕೈಯಲ್ಲಿ ಡಿಕ್ಟೇಷನ್ ಬರೆದು ಬೆಳೆದವಳಿಗೆ ಕಾಮಾ ಬಿಡಬಾರದೆಂಬುದು ರಕ್ತದಲ್ಲಿಯೇ ಇರುತ್ತದೆ.

ಗಂಜಿನ, ಅಂದರೆ ಕಾಳಿನ ಪೇಟೆಯ ಹಿಂದೆ, ಚೀಲ ಹೊರುವ ಹಮಾಲರ ಗುಡಿಸಲುಗಳಿಂದ ಶುರುಮಾಡಿದೆವು. ಮೊದಲ ಮನೆ ಚಂದ್ರಮ್ಮನದು. ದುಬಲಗುಂಡಿಯವಳು. ಗಂಡ ಹಮಾಲಿ, ಇವಳು ಅಂಗಡಿಯವರ ತೊಗರಿ ಕೇರಿ ಕೊಡುವ ಕೆಲಸ. ಏಳನೆಯ ಪ್ರಶ್ನೆಗೆ ಬಂದೆ: ಈ ಮನೆಯಲ್ಲಿ ಮಲಗುವವರು ಎಷ್ಟು ಮಂದಿ?

"ಒಂಬತ್ತ್ ಮಂದಿ ಅದೀವ್ರಿ ಅಕ್ಕೋರ."

ಗುಡಿಸಲಿನಲ್ಲಿ ಆರು ಮಂದಿಗೆ ಕಾಲು ಚಾಚಲು ಜಾಗವಿರಲಿಲ್ಲ. "ಒಂಬತ್ತು ಹ್ಯಾಂಗವ್ವ? ಹೆಸರು ಹೇಳು ನೋಡೋಣ," ಎಂದೆ.

"ನಾವ್ ಇಬ್ರು, ಮೂರ್ ಮಕ್ಳು, ಮೈದುನ. ಮತ್ತ ನಮ್ಮತ್ತಿ."

"ನಿಮ್ಮತ್ತಿ ದುಬಲಗುಂಡ್ಯಾಗ ಅದಾಳ ಅಂದಿಯಲ್ಲ?"

"ಅದಾಳ್ರಿ. ಸಂತಿಗಿ ಬಂದ್ರ ಇಲ್ಲೇ ಮಕ್ಕೋತಾಳಲ್ರಿ, ಗಂಜ್ನಾಗ ಮಕ್ಕೋತಾಳೇನು? ಮಗ್ಗಲ ಊರಿಗಿ ಕೊಟ್ಟ ಮಗಳು ಒಬ್ಬಾಕಿ, ಆಕಿ ಗಂಡ ಒಬ್ಬಾಂವ. ಒಂಬತ್ತ್ ಬರೋಬರ್ ಆತಿಲ್ರಿ?"

ಪಕ್ಕದ ಗುಡಿಸಲಿನಿಂದ ಒಬ್ಬಳು ಕೂಗಿದಳು: "ಅಕ್ಕೋರ, ಆಕೀದು ಒಂಬತ್ತಿದ್ರ ನಮ್ದು ಹನ್ನೊಂದು ಬರ್ಕೋರಿ. ನಮ್ಮ ಅಳಿಯಾ ಆಕಿ ಅಳಿಯಾನಕಿಂತ ಜಾಸ್ತಿ ಬರ್ತಾನ!"

ಇಡೀ ಸಾಲು ನಕ್ಕಿತು. ರೇಷನ್ ಕಾರ್ಡು, ಜಾಗದ ಪಟ್ಟಾ, ಏನೋ ಒಂದು ಬರುತ್ತದೆಂದು ಎಲ್ಲರಿಗೂ ಆಸೆ. ಮಂದಿ ಹೆಚ್ಚಾದಷ್ಟೂ ಒಳ್ಳೆಯದು. ಕೋಣೆ ಅಳೆಯಲು ಟೇಪು ಬಿಚ್ಚಿದರೆ ತಾವೇ ತುದಿ ಹಿಡಿದು "ಇಲ್ಲಿತನಾ ಎಳೀರಿ" ಎನ್ನುತ್ತಿದ್ದರು. ಲೆಕ್ಕ ಹಾಕಿಸಿಕೊಳ್ಳುವುದಕ್ಕೆ ಇಷ್ಟು ಹರ್ಷಪಟ್ಟ ಮಂದಿಯನ್ನು ನಾನು ಮತ್ತೆ ಕಾಣಲಿಲ್ಲ.

ಒಂದು ತೊಡಕು ಬಂತು. ಗುಡಿಸಲುಗಳಿಗೆ ನಂಬರಿಲ್ಲ. ಕೆಲವು ತಿಂಗಳ ನಂತರ ಅದೇ ಮನೆಗಳಿಗೆ ಎರಡನೇ ಸುತ್ತು ಬರಬೇಕು, ಹುಡುಕುವುದು ಹೇಗೆ? ನಾನೇ ಸಲಹೆ ಕೊಟ್ಟೆ: ಫಾರ್ಮಿನ ಮೇಲೆ "ಗುರುತು" ಎಂದು ಒಂದು ಸಾಲು ಇರಲಿ. ಹೆಸರು ಬೇಡ, ಗುರುತು ಸಾಕು. ಬೇವಿನ ಗಿಡದ ಎಡಕ್ಕೆ, ಗಿರಣಿ ಗೋಡೆಗೆ ಹತ್ತಿ, ಬಾಗಿಲಿಗೆ ಹಸಿರು ತಗಡು. ಪ್ರೊಫೆಸರರಿಗೆ ಎಷ್ಟು ಖುಷಿಯಾಯಿತೆಂದರೆ, ಎರಡೂ ದೇಶದ ಫಾರ್ಮಿನಲ್ಲಿ ಆ ಸಾಲು ಅಚ್ಚಾಯಿತು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲೂ ಇರಬೇಕಲ್ಲ. ಮೆಥಡ್.

ಬಸವಕಲ್ಯಾಣ

ಬಸವಕಲ್ಯಾಣದಲ್ಲಿ ಕೋಟೆಯ ಕೆಳಗಿನ ಓಣಿಗಳಲ್ಲಿ ತಿರುಗಿದೆವು. ಅಲ್ಲಿ ಒಬ್ಬ ಮುದುಕ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದ. ನಾರಾಯಣಪುರದವನು.

"ಈ ಊರಿಗೆ ಯಾವಾಗ ಬಂದಿರಿ?" ಇದು ಎರಡನೆಯ ಪ್ರಶ್ನೆ.

"ಮುಂಜಾನಿ ಬಂದೀನ್ರಿ."

"ಹಾಗಲ್ಲ ಅಜ್ಜ, ಇಲ್ಲಿ ಕೆಲಸಕ್ಕೆಂದು ಬಂದದ್ದು ಯಾವಾಗ?"

"ದಿನಾ ಮುಂಜಾನಿ ಬರ್ತೀನಿ, ಸಂಜಿಕ ಹೋಗ್ತೀನಿ. ಇಪ್ಪತ್ತ್ ವರ್ಷ ಆತು. ಈ ಸಾಹೇಬ್ರು ಯಾವಾಗ ಬಂದಾರ್ರಿ?"

ಪ್ರೊಫೆಸರರಿಗೆ ಇದನ್ನು ಅನುವಾದಿಸಿದೆ. ಈತ ಬಂದವನೋ, ಬಾರದವನೋ? ಫಾರ್ಮಿನಲ್ಲಿ ಗುರುತು ಹಾಕಲು ಎರಡೇ ಚೌಕ. ಅವರು ಪೆನ್ಸಿಲ್ ಕಚ್ಚಿಕೊಂಡು ನಿಂತರು. "ಇಲ್ಲಿರಲು ಯಾರ ಅನುಮತಿ ಪಡೆದಿರಿ?" ಎಂಬ ಮುಂದಿನ ಪ್ರಶ್ನೆಗೆ ಮುದುಕ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಇದೇನ್ ಕೇಳ್ತೀರಿ ತಾಯಿ? ಕಟ್ಟಿ ಮ್ಯಾಲ ಕೂಡಾಕ ಯಾರ ಪರವಾನಗಿ ಬೇಕ್ರಿ?"

ಆ ಉತ್ತರಕ್ಕೆ ನಾವಿಬ್ಬರೂ ನಕ್ಕೆವು. ಮರುತಿಂಗಳು ನಾನು ಬೊಂಬಾಯಿಯಿಂದ ವಿಮಾನ ಹತ್ತಿದೆ. ಅಲ್ಲಿಯವರು ಇಲ್ಲಿ ಬಂದು ಕೇಳಿದ ಹಾಗೆ ಇಲ್ಲಿಯವರು ಅಲ್ಲಿ ಹೋಗಿ ಕೇಳಬೇಕು, ಆಗಲೇ ತಕ್ಕಡಿ ಸಮ ಎಂಬುದು ಪ್ರೊಫೆಸರರ ನಂಬಿಕೆ. ಐವತ್ತೈದು ದಾಟಿದ ನಾನು ಗೋರಿಗೆ ಹೋಗುವ ಮೊದಲು ಒಂದು ಸಲ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ವಾಟ್ ವ್ಯಾನಿಟಿ.

ಮೊದಲ ವಾರ

ಅಲ್ಲಿ ಇಳಿದ ವಾರದೊಳಗೆ ನನ್ನನ್ನು ಒಂದು ಆಫೀಸಿಗೆ ಕರೆದೊಯ್ದು ಬರೆಸಿದರು. ಯಾವ ಬೀದಿ, ಯಾವ ಮನೆ, ಯಾವ ಕೋಣೆ, ಯಾವ ದಿನದಿಂದ. ರಾಜನಿಗೂ ಇದೇ ನಿಯಮ, ಜಾಡಮಾಲಿಗೂ ಇದೇ. ನಾನು ಮೆಚ್ಚಿದೆ. ನಮ್ಮ ಹುಮನಾಬಾದಿನಲ್ಲಿ ಎಷ್ಟು ಓಣಿಗಳಿವೆ ಎಂದು ಕೇಳಿದರೆ ಮೂವರು ಮೂರು ಉತ್ತರ ಕೊಡುತ್ತಾರೆ. ಇಲ್ಲಿ ಪ್ರತಿಯೊಬ್ಬರೂ ಎಲ್ಲಿ ಮಲಗುತ್ತಾರೆಂದು ಒಂದು ಕಪಾಟಿಗೆ ಗೊತ್ತು. "ಹೌ ಸಿವಿಲೈಸ್ಡ್," ಎಂದು ಊರಿಗೆ ಕಾಗದ ಬರೆದೆ.

ಒಬ್ಬ ವಿಧವೆಯ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಎರಡನೆಯ ದಿನ ಬಾಗಿಲು ತೆರೆದರೆ ಹೊರಗಿನ ಹಿಡಿಕೆಗೆ ಒಂದು ಚೆಂದದ ಮರದ ಹಲಗೆ ತೂಗುಹಾಕಿದೆ, ಅದರ ಮೇಲೆ ಉರುಟಾದ ಅಕ್ಷರಗಳು. ಹೊಸಬಳಿಗೆ ಸ್ವಾಗತ ಎಂದುಕೊಂಡೆ. ಕಣ್ಣು ಒದ್ದೆಯಾಯಿತು. ಒಳಗೆ ತಂದು ಮೇಜಿನ ಮೇಲೆ ಇಟ್ಟುಕೊಂಡೆ. ನಾಲ್ಕು ದಿನದಲ್ಲಿ ಇಡೀ ಕಟ್ಟಡ ನನ್ನೊಂದಿಗೆ ಮಾತು ಬಿಟ್ಟಿತು. ಆಮೇಲೆ ಗೊತ್ತಾಯಿತು, ಅದು ಮೆಟ್ಟಿಲು ಗುಡಿಸುವ ಪಾಳಿಯ ಹಲಗೆ. ಯಾರ ಬಾಗಿಲಿಗಿದೆಯೋ ಅವರು ಗುಡಿಸಿ, ಒರೆಸಿ, ಪಕ್ಕದ ಬಾಗಿಲಿಗೆ ದಾಟಿಸಬೇಕು. ನಮ್ಮಲ್ಲಾದರೆ ಯಾರಾದರೂ ಬಂದು "ಅಕ್ಕೋರ, ಕಸಾ ಹೊಡೀರಿ" ಎಂದು ಮುಖಕ್ಕೇ ಹೇಳುತ್ತಿದ್ದರು. ಇಲ್ಲಿ ಹಲಗೆ ಹೇಳುತ್ತದೆ, ಮನುಷ್ಯರು ಸುಮ್ಮನಿರುತ್ತಾರೆ.

ಟ್ರಾಮಿನಲ್ಲೂ ಹಾಗೆ. ಹುಮನಾಬಾದಿನಿಂದ ಬಸವಕಲ್ಯಾಣದ ಬಸ್ಸು ಹತ್ತಿದರೆ ನಡುದಾರಿಯ ರಾಜೇಶ್ವರ ಊರು ಬರುವುದರೊಳಗೆ ಪಕ್ಕದವಳಿಗೆ ನನ್ನ ಕುಲ, ಮೊಣಕಾಲು ನೋವು, ಯಾಕೆ ಮದುವೆಯಾಗಲಿಲ್ಲ, ಎಲ್ಲ ತಿಳಿದಿರುತ್ತದೆ. ಇಲ್ಲಿ ಮೂರು ತಿಂಗಳು ಒಂದೇ ಹೊತ್ತಿಗೆ ಒಂದೇ ಟ್ರಾಮು ಹತ್ತಿದರೂ ಯಾರೂ ಏನೂ ಕೇಳಲಿಲ್ಲ. ಯಾರೂ ಕೇಳದ ಊರಿನಲ್ಲಿ ಕೇಳುವ ಕೆಲಸ ನನ್ನದು.

ಫಾತ್ಮಾಳ ಅಡಿಗೆಮನೆ

ಬಂದರಿನ ಕಾರ್ಖಾನೆಗಳಲ್ಲಿ ದುಡಿಯಲು ತುರ್ಕಿಯಿಂದ ಬಂದವರು ಹಳೆಯ ಕಟ್ಟಡಗಳಲ್ಲಿ ಇದ್ದರು. ನನ್ನ ದುಭಾಷಿ ಅಯ್ಶೆ, ನಲವತ್ತರ ಹೆಂಗಸು. ತನ್ನ ದೇಶದಲ್ಲಿ ಅಮೆರಿಕನ್ನರ ಮನೆಗಳಲ್ಲಿ ಕೆಲಸ ಮಾಡಿ ಇಂಗ್ಲಿಷ್ ಕಲಿತವಳು. ನನ್ನ ಮಡಿಸಿದ ಸೀರೆ, ಕೊಡೆ, ಫಾರ್ಮುಗಳ ಚೀಲ ನೋಡಿ "ನೀವು ಶಾಲೆಯ ಇನ್‌ಸ್ಪೆಕ್ಟರ್ ಥರ ಇದ್ದೀರಿ, ಮಕ್ಕಳು ಬಚ್ಚಿಟ್ಟುಕೊಳ್ಳುತ್ತವೆ," ಎಂದು ನಗುತ್ತಿದ್ದಳು.

ಅವರಲ್ಲೊಬ್ಬಳಾದ ಫಾತ್ಮಾಳ ಮನೆ ಒಂದು ಕೋಣೆ, ಒಂದು ಅಡಿಗೆಮನೆ. ಒಳಗೆ ಹೋದ ಕೂಡಲೇ ಬೂಟು ಬಿಡಿಸಿ ಉಣ್ಣೆಯ ಚಪ್ಪಲಿ ಕೊಟ್ಟಳು. ಚಾಯ್ ಎಂದಳು. ನಾನೂ ಚಾಯ್ ಎಂದೆ. ಸಾಬೂನು ತೋರಿಸಿ ನಾನು ಹೆಸರು ಹೇಳಿದರೆ ಅವಳದೂ ಹೆಚ್ಚುಕಡಿಮೆ ಅದೇ ಹೆಸರು. ಕಿತಾಬು, ದುನಿಯಾ, ಹವಾ, ಎಲ್ಲವೂ ಅವಳ ಬಾಯಲ್ಲೂ ಇದ್ದವು. ಎರಡು ತಿಂಗಳ ಮೌನದ ಮೇಲೆ ನನಗೆ ನಮ್ಮ ಕಡೆಯ ಓಣಿಗೆ ಬಂದಂತಾಯಿತು.

ಒಲೆಯ ಪಕ್ಕದಲ್ಲಿ ಅವಳ ತಾಯಿ ಕುಳಿತಿದ್ದರು. ಎಲ್ಲರೂ "ಅನ್ನೆ" ಎನ್ನುತ್ತಿದ್ದರು, ಅಂದರೆ ಅವ್ವ. ಕಣ್ಣು ಮಂಜಾಗಿತ್ತು. ನನ್ನ ಸೆರಗನ್ನು ಬೆರಳುಗಳಲ್ಲಿ ಹೊಸೆದು ನೋಡಿ, ಬಳೆ ಮುಟ್ಟಿ, ಅಯ್ಶೆಯ ಮೂಲಕ ಕೇಳಿದರು: "ನಿನ್ನ ಊರು ಇದೆಯಾ?"

ಯಾವ ಊರು ಎಂದು ಕೇಳುತ್ತಿದ್ದಾರೆ ಎಂದುಕೊಂಡು ಹುಮನಾಬಾದ್ ಎಂದೆ.

"ಅದಲ್ಲ," ಎಂದಳು ಅಯ್ಶೆ. "ಇದೆಯಾ ಎಂದು ಕೇಳುತ್ತಿದ್ದಾರೆ. ಇವರದು ಇಲ್ಲ. ಅಣೆಕಟ್ಟೆಯ ನೀರಿನಲ್ಲಿ ಹೋಯಿತು. ಅಲ್ಲಿ ಈಗ ಯಾರೂ ಇಲ್ಲ. ಅದಕ್ಕೇ ಮಗಳ ಹತ್ತಿರ ಬಂದರು."

ಇದೆ ಎಂದೆ. ಅನ್ನೆ ನನ್ನ ಕೈಯನ್ನು ತಟ್ಟಿದರು, ಒಳ್ಳೆಯದಾಯಿತು ಎಂಬ ಹಾಗೆ.

ಒಂದರಿಂದ ಆರು ಪ್ರಶ್ನೆ ಮುಗಿದವು. ಏಳನೆಯದನ್ನು ಓದಿದೆ. ಅಯ್ಶೆ ಅದನ್ನು ತುರ್ಕಿಗೆ ತರಲಿಲ್ಲ.

"ಮೇಡಂ, ಇದನ್ನು ಬಿಡಿ."

"ಬಿಡುವ ಹಾಗಿಲ್ಲ."

"ಹಾಗಾದರೆ ಬೇರೆ ಥರ ಕೇಳೋಣ. ಕುಟುಂಬದಲ್ಲಿ ಎಷ್ಟು ಮಂದಿ ಅಂತ. ಮಲಗುವವರು ಅಂತ ಬೇಡ."

"ಅಯ್ಶೆ, ಒಂದು ಶಬ್ದ ಬದಲಿಸಿದರೂ ನಮ್ಮ ಕೆಲಸವೇ ಕೆಡುತ್ತದೆ. ಹೆಸರು ಎಲ್ಲೂ ಬರೆಯುವುದಿಲ್ಲ. ನಮ್ಮ ಊರಿನಲ್ಲಿ ಎಲ್ಲರೂ ಹೇಳಿದ್ದಾರೆ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಫಾತ್ಮಾಳಿಗೆ ಹೇಳಿದಳು. ಫಾತ್ಮಾ ಕೆಲಸಕ್ಕೆ ಹೋಗಿದ್ದ ಗಂಡನ ಖಾಲಿ ಕುರ್ಚಿಯನ್ನು ನೋಡಿದಳು, ತಾಯಿಯನ್ನು ನೋಡಿದಳು, ನನ್ನ ಕೈಯಲ್ಲಿದ್ದ ತನ್ನ ಚಹಾದ ಲೋಟವನ್ನು ನೋಡಿದಳು. ಆಮೇಲೆ ಐದು ಬೆರಳು ಬಿಚ್ಚಿದಳು.

ಆಫೀಸಿನ ಕಪಾಟಿನಲ್ಲಿ ಆ ಮನೆಗೆ ನಾಲ್ವರೇ: ಗಂಡ, ಹೆಂಡತಿ, ಶಾಲೆಗೆ ಹೋದ ಇಬ್ಬರು ಮಕ್ಕಳು. ಅನ್ನೆ ಮೂರು ತಿಂಗಳಿಗೆಂದು ನೋಡಲು ಬಂದವರು, ಒಂದೂವರೆ ವರ್ಷವಾಗಿತ್ತು. ಅದನ್ನೂ ಫಾತ್ಮಾ ತಾನಾಗಿಯೇ ಹೇಳಿದಳು. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ. ಸತ್ಯ ಹೊರಡಿಸುವ ಕಲೆ ನನಗೆ ಬಂದಿದೆ ಎಂದುಕೊಂಡೆ. ಎಂಟನೆಯದು, ಏಳನೆಯದರ ತಾಳೆಗೆ: ಯಾರು ಎಲ್ಲಿ ಮಲಗುತ್ತಾರೆ? "ಅಡಿಗೆಮನೆ, ಒಲೆಯ ಪಕ್ಕ, ಮುದುಕಿ" ಎಂದು ಬರೆದೆ. ಟೇಪು ಬಿಚ್ಚಿ ಕೋಣೆ, ಅಡಿಗೆಮನೆ ಎರಡನ್ನೂ ಅಳೆದೆ. ಅನ್ನೆ ಟೇಪಿಗೆ ದಾರಿಯಾಗಲಿ ಎಂದು ಎರಡೂ ಕಾಲು ಮೇಲೆತ್ತಿಕೊಂಡು ಕುಳಿತರು.

ಕೊನೆಗೆ ಗುರುತಿನ ಸಾಲು. ಏನು ಬರೆದೆನೆಂದು ಇಲ್ಲಿ ಹೇಳುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಆ ಬಾಗಿಲಿಗೇ ಹೋಗಿ ನಿಲ್ಲುವ ಹಾಗೆ ಬರೆದಿದ್ದೆ. ಕಾನ್ವೆಂಟಿನಲ್ಲಿ ಕಾಂಪೊಸಿಷನ್ನಿಗೆ ನನಗೇ ಪ್ರೈಜ್ ಬರುತ್ತಿತ್ತು.

ಕಾಗದ

ಐದು ವಾರದ ನಂತರ ಅಯ್ಶೆ ನನ್ನ ಕೋಣೆಗೆ ಬಂದಳು. ಕೂತುಕೊ ಎಂದರೆ ಕೂರಲಿಲ್ಲ. ಫಾತ್ಮಾಳ ಮನೆಗೆ ಬಂದ ಒಂದು ಸರಕಾರಿ ಕಾಗದವನ್ನು ಮೇಜಿನ ಮೇಲೆ ಇಟ್ಟು ಓದಿ ಹೇಳಿದಳು. ಆ ಮನೆಯಲ್ಲಿ ಅವಧಿ ಮುಗಿದ ಒಬ್ಬ ವ್ಯಕ್ತಿ ವಾಸವಾಗಿದ್ದಾರೆ. ಅಳತೆಯ ಪ್ರಕಾರ ಆ ಕೋಣೆ ಐವರಿಗೆ ಸಾಲದು. ಮೂರು ವಾರದಲ್ಲಿ ಆ ವ್ಯಕ್ತಿ ದೇಶ ಬಿಡಬೇಕು. ಬಿಡದಿದ್ದರೆ ಗಂಡನ ಪರವಾನಗಿಯ ನವೀಕರಣವನ್ನು ಮರುಪರಿಶೀಲಿಸಲಾಗುವುದು.

"ಎಷ್ಟು ಮೀಟರು ಎಂದು ಕೂಡ ಬರೆದಿದ್ದಾರೆ," ಎಂದಳು ಅಯ್ಶೆ. "ಆ ಮನೆಗೆ ಟೇಪು ಹಿಡಿದು ಬಂದವರು ನೀವೊಬ್ಬರೇ."

ಮನೆಗಳ ಪಟ್ಟಿಯನ್ನು ಪ್ರೊಫೆಸರರಿಗೆ ಕೊಟ್ಟದ್ದು ಊರಿನ ಆಡಳಿತದ ಒಂದು ಆಫೀಸು. ಅದಕ್ಕೆ ಬದಲಾಗಿ ತುಂಬಿದ ಫಾರ್ಮುಗಳ ಒಂದೊಂದು ಪ್ರತಿ ಆ ಆಫೀಸಿಗೆ ಹೋಗುತ್ತಿತ್ತು. ಇದು ಗುಟ್ಟಲ್ಲ, ನನಗೂ ಗೊತ್ತಿತ್ತು. ಹುಮನಾಬಾದಿನಲ್ಲೂ ಹಾಗೆಯೇ ಒಂದು ಪ್ರತಿ ಒಂದು ಆಫೀಸಿಗೆ ಕೊಟ್ಟಿದ್ದೆವು. ಕೊಟ್ಟರೆ ಒಳ್ಳೆಯದೇ ಆದೀತು ಎಂದಿದ್ದೆ. ನಮ್ಮ ಕಡೆ ಅಂಥ ಕಾಗದಗಳನ್ನು ಇಲಿ ಓದುತ್ತದೆ. ಇಲ್ಲಿ ಮನುಷ್ಯರು ಓದುತ್ತಾರೆಂದು ನನಗೆ ಹೊಳೆಯಲಿಲ್ಲ.

ಪ್ರೊಫೆಸರ್ ಬೆಕರ್ ಬಿಳಿಚಿಕೊಂಡರು. "ಹೆಸರು ಇರಲಿಲ್ಲವಲ್ಲ!" ಎಂದರು.

"ಗುರುತು ಇತ್ತು," ಎಂದೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಇಲ್ಲಿ ಮನೆಗಳಿಗೆ ನಂಬರುಗಳಿವೆ, ಆ ಸಾಲು ಬೇಕೇ ಇರಲಿಲ್ಲ. ಎರಡು ಫಾರ್ಮು ಒಂದೇ ಇರಲಿ ಎಂದು ಉಳಿಸಿದ್ದು. ಅವರು ಆಫೀಸಿಗೆ ಎರಡು ಪುಟದ ಕಾಗದ ಬರೆದರು. ಕೇವಲ ಸಂಶೋಧನೆಗಾಗಿ ಎಂದು ಅಡಿಗೆರೆ ಎಳೆದರು. ಮೂರು ಸಾಲಿನ ಉತ್ತರ ಬಂತು. ಸಹಕಾರಕ್ಕೆ ವಂದನೆಗಳು ಎಂದಿತ್ತು.

ಆಫೀಸು

ನಾನೇ ಹೋದೆ. ಜೀವನದಲ್ಲಿ ಮೊದಲ ಸಲ, ತಿಳಿದೂ ತಿಳಿದೂ, ದೊಡ್ಡ ಸುಳ್ಳು ಹೇಳಲು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಿತು, ಎಂಟೂ ಕಾಲಿಗೆ ನನ್ನ ಪಾಳಿ. ಕ್ಲಾರ್ಕು ಇಂಗ್ಲಿಷ್ ಬಲ್ಲ ನಡುವಯಸ್ಸಿನ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದ.

"ಆ ಫಾರ್ಮಿನಲ್ಲಿ ನನ್ನದು ತಪ್ಪಾಗಿದೆ," ಎಂದೆ. "ಐದಲ್ಲ, ನಾಲ್ಕು. ಆ ದಿನ ಅಲ್ಲಿ ಕೂತಿದ್ದವರು ನೆರೆಮನೆಯವರು."

ಅವನು ಫೈಲು ತೆಗೆದ. ನನ್ನ ಫಾರ್ಮಿನ ಪ್ರತಿಯನ್ನು ನನ್ನ ಕಡೆಗೆ ತಿರುಗಿಸಿ ಎಂಟನೆಯ ಪ್ರಶ್ನೆಯ ಮೇಲೆ ಪೆನ್ಸಿಲಿನ ಹಿಂಬದಿ ಇಟ್ಟ. "ಅಡಿಗೆಮನೆ, ಒಲೆಯ ಪಕ್ಕ."

"ಇದು ನಿಮ್ಮ ಅಕ್ಷರವೇ?"

"ಹೌದು."

"ಬಹಳ ಸ್ಪಷ್ಟವಾಗಿದೆ, ಮೇಡಂ. ನಮ್ಮವರೂ ಇಷ್ಟು ನೀಟಾಗಿ ಬರೆಯುವುದಿಲ್ಲ."

ವ್ಯಂಗ್ಯವಲ್ಲ, ಮನಸಾರೆ ಹೇಳಿದ. ಅವರಿಗೆ ಹೋಗಲು ಊರೇ ಇಲ್ಲ, ಕಣ್ಣು ಕಾಣುವುದಿಲ್ಲ ಎಂದೆ. ಅದಕ್ಕೆ ಬೇರೆ ಅರ್ಜಿಯಿದೆ, ಅದರ ಅವಧಿ ಕಳೆದ ವರ್ಷ ಮುಗಿದಿದೆ ಎಂದ. ದನಿ ಏರಿಸಲಿಲ್ಲ, ಗಡಿಯಾರ ನೋಡಲಿಲ್ಲ. ಒಂಬತ್ತಕ್ಕೆ ಮುಂಚೆ ಎಲ್ಲ ಮುಗಿದು ಮೆಟ್ಟಿಲಿಳಿಯುತ್ತಿದ್ದೆ.

ನಮ್ಮ ಕಡೆಯ "ನಾಳಿ ಬರ್ರಿ" ಎಂಬ ಮಾತಿಗೆ ನಾನು ಜನ್ಮವಿಡೀ ಬೈದವಳು. ಸಾಹೇಬರು ಬಂದಿಲ್ಲ, ಬೀಗದ ಕೈ ಸಿಗಲಿಲ್ಲ, ನಾಳೆ ಬರ್ರಿ. ಆ ನಾಳೆಗಳ ಸಂದಿಯಲ್ಲಿ ಒಬ್ಬ ಮುದುಕಿ ತನ್ನ ಉಳಿದ ವರ್ಷಗಳನ್ನು ಒಲೆಯ ಪಕ್ಕದಲ್ಲಿ ಕಳೆದುಬಿಡಬಹುದು. ಈ ಊರಿನಲ್ಲಿ ಆ ಸಂದಿಗಳಿರಲಿಲ್ಲ. ಎಲ್ಲ ಕೆಲಸವೂ ಅಂದಂದೇ ಆಗುತ್ತಿತ್ತು.

ಸ್ಟೇಷನ್

ರೈಲು ಮಧ್ಯಾಹ್ನದ್ದು. ಹೋಗಬೇಡಿ ಎಂದಳು ಅಯ್ಶೆ. ಹೋದೆ.

ಅನ್ನೆಗೆ ಎರಡು ಕೋಟು ತೊಡಿಸಿದ್ದರು, ಒಂದರ ಮೇಲೊಂದು. ಇಳಿಯುವ ಕಡೆ ಒಬ್ಬ ದೂರದ ಸೋದರಳಿಯನಿದ್ದಾನಂತೆ. ಅವನಿಗೆ ಕಾಗದ ಬರೆದಿದ್ದರು, ಉತ್ತರ ಬಂದಿರಲಿಲ್ಲ. ಅದೇ ಡಬ್ಬಿಯಲ್ಲಿ ಹೋಗುತ್ತಿದ್ದ ಒಂದು ಕುಟುಂಬಕ್ಕೆ ಅನ್ನೆಯನ್ನು ನೋಡಿಕೊಳ್ಳಿ ಎಂದು ಫಾತ್ಮಾಳ ಗಂಡ ಕೈ ಹಿಡಿದು ಹೇಳುತ್ತಿದ್ದ, ಮತ್ತೆ ಮತ್ತೆ ಹೇಳುತ್ತಿದ್ದ. ಅವನು ನನ್ನ ಕಡೆ ನೋಡಲಿಲ್ಲ.

ಇದು ನನ್ನಿಂದಾದದ್ದೆಂದು ಅನ್ನೆಗೆ ಯಾರೂ ಹೇಳಿರಲಿಲ್ಲ. ಅವರ ಪಾಲಿಗೆ ನಾನು ದೂರದೇಶದ ಬಳೆಯ ಹೆಂಗಸು, ಅಷ್ಟೇ. ಸೀರೆಯ ಸಪ್ಪಳಕ್ಕೆ ಗುರುತಿಸಿ ಕೈ ಚಾಚಿದರು, ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಹಣೆಗೆ ಮುತ್ತಿಟ್ಟರು. ಏನೋ ಹೇಳಿದರು. ಅಯ್ಶೆ ಅದನ್ನು ಇಂಗ್ಲಿಷಿಗೆ ತರದೆ ಬೇರೆ ಕಡೆ ತಿರುಗಿದಳು. ನಾನು ಫಾತ್ಮಾಳನ್ನು ನೋಡಿದೆ. ಅವಳು ಒಂದು ಮಾತು ಹೇಳಿದ್ದರೆ, ಒಮ್ಮೆ ಬೈದಿದ್ದರೆ! ತಾಯಿಯ ಕೋಟಿನ ಗುಂಡಿ ಹಾಕುತ್ತಿದ್ದಳು, ಹಾಕಿದ್ದನ್ನೇ ಬಿಚ್ಚಿ ಹಾಕುತ್ತಿದ್ದಳು.

ರೈಲು ನಿಮಿಷ ತಪ್ಪದೆ ಹೊರಟಿತು.

ಎರಡನೇ ಸುತ್ತು

ಊರಿಗೆ ಮರಳುವ ಮೊದಲು ಎಲ್ಲ ಮನೆಗಳಿಗೂ ಮತ್ತೊಮ್ಮೆ ಹೋಗಬೇಕಿತ್ತು. ಅಯ್ಶೆ ಕೆಲಸ ಬಿಟ್ಟಿದ್ದಳು. ಫಾತ್ಮಾಳ ಮನೆಯನ್ನು ಬಿಟ್ಟುಬಿಡಿ ಎಂದು ಪ್ರೊಫೆಸರರೇ ಹೇಳಿದರು. ಆದರೂ ಹೋದೆ. ಕ್ಷಮೆ ಕೇಳಲು ಎಂದುಕೊಂಡೆ. ಆದರೆ ಯಾವ ಭಾಷೆಯಲ್ಲಿ? ಚಾಯ್, ಸಾಬೂನು, ಹವಾ, ಇಷ್ಟರಲ್ಲಿ ಕ್ಷಮೆ ಕೇಳಲಾಗುವುದಿಲ್ಲ.

ಬಾಗಿಲು ಅರ್ಧ ತೆರೆಯಿತು. ಫಾತ್ಮಾ ಚೀಲ ನೋಡಿದಳು, ನನ್ನನ್ನು ನೋಡಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಜರ್ಮನ್ ಭಾಷೆಯಲ್ಲಿ, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ, "ನಾಲ್ಕು," ಎಂದಳು. ಬಾಗಿಲು ಹಾಕಿಕೊಂಡಳು.

ನಾಲ್ಕು ಎಂದೇ ನಾನು ತುಂಬಿದ ಆ ಫಾರ್ಮನ್ನು ನೋಡಿ ಪ್ರೊಫೆಸರರ ಸಹಾಯಕರು ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು: ಈಗ ದಾಖಲೆಯೊಂದಿಗೆ ತಾಳೆಯಾಗುತ್ತದೆ.

ಮತ್ತೆ ಹುಮನಾಬಾದ್

ಊರಿಗೆ ಬಂದ ಮೇಲೆ ಇಲ್ಲಿಯ ಎರಡನೇ ಸುತ್ತು ಉಳಿದಿತ್ತು. ಒಪ್ಪಿಕೊಂಡು ಸಹಿ ಮಾಡಿದ ಕೆಲಸ. ಎಷ್ಟೋ ದಿನ ಮುಂದೂಡಿ ಒಂದು ಬೆಳಿಗ್ಗೆ ಗಂಜಿನ ಹಿಂದೆ ಹೋದೆ.

"ಬಂದ್ರಿ ಅಕ್ಕೋರ? ವಿಮಾನದಾಗ ಹೋಗಿ ತೆಳ್ಳಗ ಆಗೀರಲ್ರಿ!" ಚಂದ್ರಮ್ಮ ಮೊರ ಬದಿಗಿಟ್ಟು ಬಾಗಿಲ ಮುಂದೆ ಗೋಣಿ ಹಾಸಿದಳು. "ಅಲ್ಲಿ ಮಂದಿ ಹ್ಯಾಂಗ ಅದಾರ್ರಿ? ಅವ್ರನ್ನೂ ಹಿಂಗ ಬರ್ಕೊಂಡ್ ಬಂದ್ರೇನು?"

ವೆರಿ ಕ್ಲೀನ್, ವೆರಿ ಕೋಲ್ಡ್ ಎಂದು ಅವಳಿಗೆ ಹೇಳಲಾಗಲಿಲ್ಲ. ಯಾರಿಗೂ ಹೇಳದ್ದು ಅವಳೆದುರು ಹೊರಬಂತು. ಒಲೆಯ ಪಕ್ಕದ ಮುದುಕಿ, ಐದು ಬೆರಳು, ಟೇಪು, ರೈಲು, ಎಲ್ಲ. ಚಂದ್ರಮ್ಮ ಮತ್ತೆ ತೊಗರಿ ಕೇರತೊಡಗಿದ್ದವಳು ನಡುವೆ ಎಲ್ಲೋ ನಿಲ್ಲಿಸಿದ್ದಳು. ಅವಳ ಅತ್ತೆ ಅಂದು ದುಬಲಗುಂಡಿಯಿಂದ ಬಂದು ಒಳಗೆ ಮಲಗಿದ್ದಳು. ಕಿರಿಯ ಹುಡುಗಿ ತಾಯಿಯ ತೊಡೆಗೆ ತಲೆಯಿಟ್ಟು ಕೇಳುತ್ತಿತ್ತು.

"ಆ ಮುದುಕಿ ಈಗ ಎಲ್ಲಿ ಅದಾಳ್ರಿ?"

"ಗೊತ್ತಿಲ್ಲವ್ವ."

ಅವಳು ಮೊರವನ್ನು ನೆಲಕ್ಕಿಟ್ಟಳು. "ನಮ್ಮ ಹಾಳಿ ಎಲ್ಲಿ ಅದಾವ್ರಿ ಅಕ್ಕೋರ? ಅವತ್ತ್ ಬರ್ಕೊಂಡ್ರಲ್ಲ."

"ಒಂದು ಪ್ರೊಫೆಸರರ ಹತ್ತಿರ ಇದೆ."

"ಮತ್ತೊಂದು?"

ನಾನು ಪೆನ್ನಿನ ಟೊಪ್ಪಿಗೆ ತಿರುಗಿಸುತ್ತ ಕುಳಿತೆ. ಅವಳಿಗೆ ತಿಳಿಯಿತು. ಓಣಿಯಲ್ಲಿ ನೆರೆಯವಳು "ನಮ್ಮ ಮನೀಗಿ ಯಾವಾಗ ಬರ್ತೀರಿ ಅಕ್ಕೋರ, ನಮ್ದು ಹನ್ನೆರಡು ಆಗ್ಯಾದ!" ಎಂದು ಕೂಗಿದಳು. ಚಂದ್ರಮ್ಮ ನಗಲಿಲ್ಲ. ಎದ್ದು ಬಾಗಿಲಿಗೆ ಅಡ್ಡ ನಿಂತಳು, ಒಳಗಿನದು ನನಗೆ ಕಾಣದ ಹಾಗೆ.

"ಬರ್ಕೋರಿ," ಎಂದಳು. "ನಾನು, ನನ್ನ ಗಂಡ. ಇಬ್ರ ಅದೀವಿ."

"ಈ ಮಕ್ಕಳು?"

"ಮಗ್ಗಲ ಮನೀವ್ರಿ."

ತೊಡೆಯಿಂದ ಜಾರಿದ ಹುಡುಗಿ ಎದ್ದು ಕುಳಿತು "ಯವ್ವಾ" ಎಂದಿತು. ಚಂದ್ರಮ್ಮ ಆ ಕಡೆ ನೋಡಲಿಲ್ಲ. ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಇಬ್ಬರು ಎಂದು ಬರೆದುಕೊಂಡೆ.